ಮಾತು ಉಳಿದರೆ ಸಾಲದು, ಅಕ್ಷರವೂ ಬೇಕು

ಕಾಸರಗೋಡಿನ ಓದುಗರಿಗೆ ನಮ್ಮ ಜತ್ತ ತಾಲೂಕು ದೂರವೆನಿಸಬಹುದು. ಆದರೆ 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿಯ ಉತ್ತರದ ನಿಮ್ಮ ನೆಲದೊಡನೆ ಜತ್ತದ ಹೆಸರೂ ಇದೆ. ವರದಿ ಜಾರಿಗೆ ಬರಲಿಲ್ಲ; ನೀವು ಕೇರಳದಲ್ಲಿ, ನಾವು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಉಳಿದೆವು. ಆ ಚರ್ಚೆ ಇಲ್ಲಿ ಬೇಡ.

ಊರಿನಲ್ಲಿರುವವರೆಗೆ ನಮಗೆ ಕನ್ನಡದ ಚಿಂತೆಯಿಲ್ಲ. ಉಮದಿ, ಸಂಖಗಳಲ್ಲಿ ಸಂತೆಯ ಮಾತೂ ಕನ್ನಡವೇ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಕರ್ನಾಟಕದಿಂದ ಜನ ನಡೆದು ಬರುತ್ತಾರೆ. ಚಿಂತೆ ಹುಟ್ಟುವುದು ಊರು ಬಿಟ್ಟ ಮೇಲೆ. ಮಳೆ ಕಡಿಮೆಯ ತಾಲೂಕು ನಮ್ಮದು. ದುಡಿಮೆಗಾಗಿ ಸಾಂಗ್ಲಿ, ಪುಣೆ, ಮುಂಬಯಿ ಸೇರಿದ ಮನೆಗಳು ಅನೇಕ.

ನನ್ನ ತಮ್ಮನೂ ಸಾಂಗ್ಲಿ ಸೇರಿದ. ಮನೆಯಲ್ಲಿ ಕನ್ನಡ ಬಿಡಲಿಲ್ಲ, ಮಗನೂ ಚೆನ್ನಾಗಿಯೇ ಮಾತಾಡುತ್ತಾನೆ. ನಾವು ನಿಶ್ಚಿಂತರಾಗಿದ್ದೆವು. ಹೋದ ವರ್ಷ ಹುಡುಗ ಅಜ್ಜಿಗೊಂದು ಚೀಟಿ ಬರೆದು ಕಳಿಸಿದ. ಮಾತು ಕನ್ನಡ, ಅಕ್ಷರ ನಾಗರಿ. ನಾನೇ ಓದಿ ಹೇಳಿದೆ: ‘ಆಯೀ, ಬೇಳೆ ಬಂತೇನು?’ ನನ್ನ ತಾಯಿ ಅಂದೇ ಒಂದು ಚೀಲ ತೊಗರಿಬೇಳೆ ಕಟ್ಟಿ ಬಸ್ಸಿಗೆ ಹೊರಟವರ ಕೈಲಿ ಕೊಟ್ಟರು. ಹುಡುಗ ಕೇಳಿದ್ದು ಆ ವರ್ಷದ ಜೋಳದ ಬೆಳೆಯನ್ನು! ಮರಾಠಿ ಬರೆಯುವ ನಾಗರಿಯಲ್ಲಿ ಎ-ಏ, ಒ-ಓಗಳಿಗೆ ಬೇರೆ ಬೇರೆ ಗುರುತಿಲ್ಲ. ‘ಕೊಡು’ ಎಂದರೂ ‘ಕೋಡು’ ಎಂದರೂ ಒಂದೇ ಬರಹ.

ಎಲ್ಲರೂ ನಕ್ಕೆವು. ನನಗೆ ಮಾತ್ರ ನಾಚಿಕೆಯಾಯಿತು. ಟಿ.ಸಿ.ಎಚ್. ಮುಗಿಸಿ ಇಷ್ಟು ವರ್ಷ ಊರ ಮಕ್ಕಳಿಗೆ ಕನ್ನಡ ಕಲಿಸಿದವನು, ತಮ್ಮನ ಮಗನಿಗೆ ಅ ಆ ಇ ಈ ತಿದ್ದಿಸಲಿಲ್ಲ.

ಮರಾಠಿ ಶಾಲೆಯನ್ನು ದೂರಿ ಫಲವಿಲ್ಲ. ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿಯನ್ನು 2020ರ ಕಾನೂನು ಕಡ್ಡಾಯ ಮಾಡಿತು, ಕೇರಳದಲ್ಲಿ ಮಲಯಾಳವನ್ನು 2017ರ ಕಾನೂನು. ಬದುಕುವ ನಾಡಿನ ಭಾಷೆಯನ್ನು ಮಗು ಚೆನ್ನಾಗಿಯೇ ಕಲಿಯಲಿ. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ನಿಜ. ಆದರೆ ತಮ್ಮನ ಬಾಡಿಗೆ ಮನೆಯ ಓಣಿಗೆ ಕನ್ನಡ ಶಾಲೆ ಬರುವುದೆಂದು? ಅಲ್ಲಿಯವರೆಗೆ ಮನೆಯೇ ಶಾಲೆಯಾಗಬೇಕು.

ಮಲಯಾಳ ಲಿಪಿಗೆ ಈ ಕೊರತೆಯಿಲ್ಲ, ಹ್ರಸ್ವ ದೀರ್ಘ ಎರಡೂ ಇವೆ. ಆದುದರಿಂದಲೇ ನೀವು ಹೆಚ್ಚು ಎಚ್ಚರದಿಂದಿರಬೇಕು. ಕೋಳಿಕ್ಕೋಡು, ಎರ್ನಾಕುಳಂ ಸೇರಿದ ನಿಮ್ಮ ಮಗು ಮಲಯಾಳ ಅಕ್ಷರದಲ್ಲಿ ಕನ್ನಡ ಬರೆದರೆ ಬೇಳೆಯ ಚೀಲ ಬಂದು ಎಚ್ಚರಿಸುವುದಿಲ್ಲ. ಈ ಪತ್ರಿಕೆ ಮನೆಗೆ ಬಂದ ದಿನವೇ ಅದು ತಿಳಿದೀತು.

ಕಳೆದ ಬೇಸಿಗೆಯ ರಜೆಯಲ್ಲಿ ಹುಡುಗನನ್ನು ಊರಿನಲ್ಲಿಟ್ಟುಕೊಂಡು ಕಾಗುಣಿತ ಮುಗಿಸಿದೆ. ಈಗ ಪ್ರತಿ ಭಾನುವಾರ ಅಜ್ಜಿಗೆ ಹತ್ತು ಸಾಲು ಬರೆಯುತ್ತಾನೆ. ತಮ್ಮ ಮೊದಮೊದಲು ಪುರಸತ್ತಿಲ್ಲವೆನ್ನುತ್ತಿದ್ದ; ಈಗ ಪಕ್ಕದಲ್ಲಿ ಕೂರುತ್ತಾನೆ. ಒತ್ತಕ್ಷರಗಳು ಇನ್ನೂ ತಪ್ಪುತ್ತವೆ. ಕೆಂಪು ಶಾಯಿ ಹಾಕಬೇಡವೆಂದು ತಾಯಿಯ ಆಜ್ಞೆ.