ಸೊಪ್ಪು ಅಂದರೆ ಉಪ್ಪು ತಂದವನ ಮಾತು

ಎರಡು ವರ್ಷದ ಹಿಂದೆ ನಮ್ಮ ಅಡುಗೆಮನೆಯಲ್ಲಿ ಒಮ್ಮೆ ಏಳು ಪ್ಯಾಕೆಟ್ ಉಪ್ಪು ಸೇರಿತ್ತು. ಮನೆಯಲ್ಲಿರುವವರು ನಾವಿಬ್ಬರೇ. ಚೀಲ ಹಿಡಿದು ಹೊರಟವನಿಗೆ ಒಳಗಿನಿಂದ ನಮ್ಮಾಕೆ ‘ರೀ, ಸೊಪ್ಪು ತನ್ನಿ’ ಎಂದು ಕೂಗುತ್ತಿದ್ದಳು. ನಾನು ಉಪ್ಪು ತರುತ್ತಿದ್ದೆ. ಮೊದಲ ಸಲ ನಕ್ಕಳು, ಮೂರನೆಯ ಸಲ ಸಿಡುಕಿದಳು, ಆಮೇಲೆ ಚೀಟಿ ಬರೆದುಕೊಡಲು ಶುರುಮಾಡಿದಳು. ಹುಣಸೂರು ತಾಲ್ಲೂಕಿನ ಹೈಸ್ಕೂಲುಗಳಲ್ಲಿ 31 ವರ್ಷ ಕನ್ನಡ ಪಾಠ ಹೇಳಿ, ಮಕ್ಕಳ ಉಕ್ತಲೇಖನಕ್ಕೆ ಕೆಂಪು ಮಸಿಯಲ್ಲಿ ಗೆರೆ ಎಳೆದವನು ನಾನು. 69ನೇ ವಯಸ್ಸಿನಲ್ಲಿ ಹೆಂಡತಿ ಕೊಟ್ಟ ಎರಡಕ್ಷರದ ಉಕ್ತಲೇಖನದಲ್ಲಿ ಫೇಲಾಗುತ್ತಿದ್ದೆ.

ತಪ್ಪು ನನ್ನದು ಅಂತ ಒಪ್ಪಿಕೊಂಡೆನೇ? ಇಲ್ಲ. ‘ಬಾಯಿ ಬಿಟ್ಟು ಮಾತಾಡು, ಯಾಕೆ ಗೊಣಗುತ್ತೀಯ’ ಎಂದು ಅವಳ ಮೇಲೇ ಹರಿಹಾಯುತ್ತಿದ್ದೆ. ಈಗಿನ ಹುಡುಗರಿಗೆ ಸ್ಪಷ್ಟವಾಗಿ ಮಾತಾಡಲು ಬರುವುದಿಲ್ಲ, ಟಿ.ವಿ.ಯವರಿಗೆ ಉಚ್ಚಾರಣೆಯೇ ಗೊತ್ತಿಲ್ಲ, ಮೊಬೈಲಿನಲ್ಲಿ ಸಿಗ್ನಲ್ ಸರಿಯಿಲ್ಲ. ಹೀಗೆ ಲೋಕದ ನಾಲಿಗೆಯೇ ಕೆಟ್ಟಿದೆ ಎಂದು ನಾಲ್ಕು ವರ್ಷ ವಾದಿಸಿದೆ. ಕನ್ನಡ ಮೇಷ್ಟ್ರಾದ್ದರಿಂದ ಈ ವಾದ ಸಲೀಸಾಗಿ ಬರುತ್ತಿತ್ತು.

ಮನೆಯವರು ಬೇರೆಯೇ ಹೆಸರಿಟ್ಟಿದ್ದರು: ಜಾಣಕಿವುಡು. ‘ಊಟಕ್ಕೆ ಬನ್ನಿ ಅಂದರೆ ಕೇಳಿಸುತ್ತೆ, ಕರೆಂಟ್ ಬಿಲ್ ಕಟ್ಟಿ ಬನ್ನಿ ಅಂದರೆ ಕೇಳಿಸಲ್ಲ’ ಎಂದು ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ಹಾಸ್ಯ ಮಾಡುತ್ತಿದ್ದ. ನೋಡುವವರಿಗೆ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವೂ ಇಲ್ಲ. ಪಕ್ಕದಲ್ಲಿ ಕೂತು ಗಂಡಸರು ಗಡಸು ದನಿಯಲ್ಲಿ ಆಡಿದ ಮಾತು ನನಗೆ ಕೇಳಿಸುತ್ತಿತ್ತು. ಮೋಟರ್ ಆನ್ ಆದದ್ದು, ಬಸ್ಸು ಬಂದದ್ದು, ಮೋಡ ಗುಡುಗಿದ್ದು ಎಲ್ಲ ಗೊತ್ತಾಗುತ್ತಿತ್ತು. ಕೈಬಿಟ್ಟುಹೋಗಿದ್ದು ಹೆಂಗಸರ, ಮಕ್ಕಳ ಮಾತು. ಅದೂ ನಲ್ಲಿ ಬಿಟ್ಟಿದ್ದಾಗ, ಒಗ್ಗರಣೆ ಚಟಗುಟ್ಟುವಾಗ, ನಾಲ್ಕು ಜನ ಒಟ್ಟಿಗೆ ಕೂತಾಗ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನನ್ನ ಕಿವಿ ಪರೀಕ್ಷೆ ಮಾಡಿದ ಹುಡುಗಿ ಇದನ್ನು ನನಗೆ ಅರ್ಥಮಾಡಿಸಿದ ರೀತಿ ಮರೆಯುವಂಥದ್ದಲ್ಲ. ಸದ್ದು ಒಳಬರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ‘ಎಷ್ಟೇ ಸಣ್ಣಗೆ ಕೇಳಿಸಿದರೂ ಬೆರಳೆತ್ತಿ ಸರ್’ ಎಂದಳು. ಬಲಗಿವಿಗೆ ಸೊನ್ನೆ, ಎಡಗಿವಿಗೆ ಇಂಟು ಗುರುತು ಹಾಕುತ್ತ ಹೋದಳು. ಕೊನೆಗೆ ಹಾಳೆ ತೋರಿಸಿದಳು. ಅಡ್ಡಕ್ಕೆ 250ರಿಂದ 8000 ಹರ್ಟ್ಜ್‌ವರೆಗೆ ಸದ್ದಿನ ಮಂದ್ರ, ತಾರ. ಮೇಲಿನಿಂದ ಕೆಳಕ್ಕೆ ಡೆಸಿಬಲ್. ಎಡಗಡೆ ಮಟ್ಟಸವಾಗಿದ್ದ ನನ್ನ ಗೆರೆ 1000 ದಾಟಿದ್ದೇ ತಡ ಚಾಮುಂಡಿ ಬೆಟ್ಟದ ಮೆಟ್ಟಿಲಿಳಿದ ಹಾಗೆ ಇಳಿದು, 4000ದ ಹತ್ತಿರ 70 ಡೆಸಿಬಲ್‌ಗೆ ಬಂದು ಕೂತಿತ್ತು.

‘ಸರ್, ನೀವು ಕನ್ನಡ ಮೇಷ್ಟ್ರಂತೆ. ಹಾಗಾದರೆ ಸುಲಭ. ನಿಮಗೆ ಸ್ವರಗಳೆಲ್ಲ ಕೇಳಿಸುತ್ತಿವೆ. ವ್ಯಂಜನಗಳು ಹೋಗಿವೆ’ ಅಂದಳು.

ಅಷ್ಟು ಸಾಕಾಯಿತು. ಅ ಆ ಇ ಈ ಕೆಳಗಿನ ಶ್ರುತಿಯವು, ಬಲವಾಗಿರುತ್ತವೆ, ಉಳಿದಿದ್ದವು. ಮ, ನ, ಲ ಕೂಡ ಅಷ್ಟಿಷ್ಟು ಉಳಿದಿದ್ದವು. ಸ, ಶ, ಚ, ತ, ಕ ಮುಂತಾದವು ಮೇಲಿನ ಶ್ರುತಿಯ ಬಡಕಲು ಸದ್ದುಗಳು. ಅವು ಮೊದಲು ಹೋಗುತ್ತವೆ. ಸೊಪ್ಪಿನ ‘ಸ’ ಉದುರಿದರೆ ಉಳಿಯುವುದು ‘ಒಪ್ಪು’. ಅಂಥ ವಸ್ತು ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಮಿದುಳು ತಾನೇ ತಿದ್ದಿಕೊಂಡು ‘ಉಪ್ಪು’ ಮಾಡುತ್ತಿತ್ತು. ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಅದಕ್ಕೇ ನಮ್ಮಂಥವರು ‘ನನಗೇನು ಕಿವುಡೇ’ ಎಂದು ಜಗಳಕ್ಕೆ ನಿಲ್ಲುವುದು. ಒಳಗಿವಿಯ ಬಸವನಹುಳುವಿನಾಕಾರದ ನಾಳದಲ್ಲಿ ಕೂದಲಿನಂಥ ತುದಿಯ ಜೀವಕೋಶಗಳು ಒಂದೊಂದು ಕಿವಿಗೆ ಸುಮಾರು 15 ಸಾವಿರ ಇರುತ್ತವಂತೆ. ವಯಸ್ಸು ಮತ್ತು ಗದ್ದಲ ಅವನ್ನು ತಿನ್ನುತ್ತ ಬರುತ್ತವೆ. ಉದುರಿದ್ದು ಮನುಷ್ಯನಿಗೆ ಮತ್ತೆ ಹುಟ್ಟುವುದಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ನಾಲ್ಕು ವರ್ಷ ಕಿವಿಗೆ ಬಿಟ್ಟುಕೊಂಡಿದ್ದೆ, ಅದರಿಂದ ಗುಗ್ಗೆ ಮೆತ್ತಗಾದದ್ದಷ್ಟೇ ಲಾಭ.

ಆದರೆ ಮೈಸೂರಿಗೆ ಹೋದದ್ದು ಉಪ್ಪಿನಿಂದಲ್ಲ. ಒಂಬತ್ತು ವರ್ಷದ ಮೊಮ್ಮಗಳು ಬೇಸಿಗೆ ರಜಕ್ಕೆ ಬಂದಿದ್ದಳು. ಜಗಲಿಯ ಮೇಲೆ ನನ್ನ ಪಕ್ಕ ಕೂತು ಏನೋ ಹೇಳತೊಡಗಿದಳು. ಸ್ಕೂಲು, ಗೇಟು, ನಾಯಿಮರಿ ಅನ್ನುವಷ್ಟು ಸಿಕ್ಕಿತು. ನಾಯಿಮರಿ ಅಂದರೆ ಆಟದ ವಿಷಯವೇ ಇರಬೇಕೆಂದು, ನನಗೆ ರೂಢಿಯಾಗಿದ್ದ ಹಾಗೆ, ಜೋರಾಗಿ ನಕ್ಕೆ. ಮಗು ನನ್ನ ಮುಖವನ್ನೇ ನೋಡಿತು. ‘ಯಾಕೆ ತಾತ ನಗ್ತೀರಾ? ಅದು ಸತ್ತೋಯ್ತು ಅಂದೆ.’ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತು, ಎದುರಿಗೆ ನಿಂತು ಕೂಗಿ ಹೇಳಿದ್ದರಿಂದ. ಮತ್ತೆ ಹೇಳು ಪುಟ್ಟಿ ಎಂದೆ. ‘ಏನಿಲ್ಲ ಬಿಡಿ ತಾತ’ ಎಂದು ಹೊರಟುಹೋದಳು.

ಏನಿಲ್ಲ ಬಿಡಿ. ಮುಪ್ಪಿನಲ್ಲಿ ಮನುಷ್ಯನನ್ನು ಮನೆಯೊಳಗೇ ಹೊರಗಿಡುವ ಮಾತು ಇದು. ಯಾರೂ ಕೆಟ್ಟ ಮನಸ್ಸಿನಿಂದ ಆಡುವುದಿಲ್ಲ. ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಸಾಕಾಗಿ, ‘ಏನಿಲ್ಲ ಬಿಡಿ’ ಅನ್ನುತ್ತಾರೆ. ಹಾಗೆ ಬಿಟ್ಟ ಮಾತುಗಳಲ್ಲಿ ಏನೇನು ಹೋಯಿತೋ. ಪಕ್ಕದ ಮನೆಯ ಹುಡುಗಿಗೆ ಗಂಡು ಗೊತ್ತಾದದ್ದು ನನಗೆ ತಿಳಿದದ್ದು ಮದುವೆ ಕಾಗದ ಬಂದ ಮೇಲೆ.

ನಾನೂ ನನ್ನ ಕಡೆಯಿಂದ ಬಾಗಿಲು ಮುಚ್ಚಿಕೊಳ್ಳುತ್ತ ಬಂದಿದ್ದೆ. ನಮ್ಮ ಊರಿನ ರಾಮಮಂದಿರದಲ್ಲಿ ಶನಿವಾರ ಸಂಜೆ ಗಮಕ ನಡೆಯುತ್ತದೆ. ಗೆಳೆಯರೊಬ್ಬರು ಕುಮಾರವ್ಯಾಸ ಭಾರತ ವಾಚಿಸಿದರೆ ವ್ಯಾಖ್ಯಾನ ನನ್ನದು. ಒಂದು ಶನಿವಾರ ಅವರು ಓದಿದ್ದು ಒಂದು ಪದ್ಯ, ನಾನು ಅರ್ಥ ಹೇಳಿದ್ದು ಅದರ ಮುಂದಿನದಕ್ಕೆ. ಕೇಳುಗರು ಮರ್ಯಾದೆಗೆ ಸುಮ್ಮನಿದ್ದರು. ಮುಂದಿನ ವಾರ ಮಂಡಿನೋವು ಅಂದೆ. ಆಮೇಲೆ ನಿವೃತ್ತ ನೌಕರರ ಸಂಘದ ಸಭೆ ಬಿಟ್ಟೆ, ಮದುವೆ ಮುಂಜಿ ಬಿಟ್ಟೆ. ಬ್ಯಾಂಕಿಗೆ ಲೈಫ್ ಸರ್ಟಿಫಿಕೇಟ್ ಕೊಡಲು ಹೋದಾಗ ಗಾಜಿನಾಚೆಯಿಂದ ಹುಡುಗ ಕೇಳಿದ್ದಕ್ಕೆ ಹುಟ್ಟಿದ ತಾರೀಖು ಹೇಳಿದೆ; ಅವನು ಕೇಳಿದ್ದು ಮೊಬೈಲ್ ನಂಬರು. ಹಿಂದೆ ಕ್ಯೂನಲ್ಲಿದ್ದವರು ನಕ್ಕರು. ಅಲ್ಲಿಂದಾಚೆ ನಮ್ಮಾಕೆಯಿಲ್ಲದೆ ಬ್ಯಾಂಕಿಗೆ ಹೋಗುವುದನ್ನೂ ಬಿಟ್ಟೆ. ಹೊರಗಿನವರ ಕಣ್ಣಿಗೆ ಇದು ವೈರಾಗ್ಯದಂತೆ ಕಂಡಿತು. ‘ಮೇಷ್ಟ್ರು ಈಚೆಗೆ ಅಂತರ್ಮುಖಿಯಾಗಿದ್ದಾರೆ’ ಎಂದು ಯಾರೋ ಹೊಗಳಿದರಂತೆ!

ನನ್ನ ತಕರಾರು ಇಲ್ಲಿದೆ. ಕಣ್ಣು ಮಂಜಾದರೆ ನಾವು ನಗುವುದಿಲ್ಲ. ಕೈಹಿಡಿದು ದಾಟಿಸುತ್ತೇವೆ. ತಾಲ್ಲೂಕು ತಾಲ್ಲೂಕಿಗೆ ಕಣ್ಣಿನ ಶಿಬಿರ ನಡೆಯುತ್ತದೆ, ಪೊರೆ ತೆಗೆಸುತ್ತಾರೆ, ಹಸಿರು ಪಟ್ಟಿ ಕಟ್ಟಿಕೊಂಡವರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದು ಪತ್ರಿಕೆಗೂ ಕಳಿಸುತ್ತಾರೆ. ಕನ್ನಡಕ ಹಾಕಿದರೆ ಓದಿದವರ ಹಾಗೆ ಕಾಣುತ್ತಾರೆ ಅಂತ ಬೇರೆ. ಅದೇ ಕಿವಿಯ ವಿಷಯ ಬಂದರೆ ನಾಟಕ, ಸಿನಿಮಾ, ಹರಟೆ ಎಲ್ಲ ಕಡೆ ಕಿವುಡರು ಹಾಸ್ಯಪಾತ್ರಗಳು. ಅಳಿಯ ಬಂದ ಅಂದರೆ ಮಳೆ ಬಂತಾ ಅನ್ನುವ ಮುದುಕನಿಗೆ ಚಪ್ಪಾಳೆ ಖಾತ್ರಿ. ಶಾಲಾ ವಾರ್ಷಿಕೋತ್ಸವಕ್ಕೆ ಇಂಥ ಪ್ರಹಸನ ನಾನೇ ಬರೆದು ಮಕ್ಕಳಿಂದ ಆಡಿಸಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರ ಪೈಕಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ದಿನದ ಬದುಕಿಗೆ ಅಡ್ಡಿಯಾಗುವಷ್ಟು ಕಿವಿಯ ದೋಷವಿದೆ. ಅಷ್ಟೂ ಜನರನ್ನು ಜೋಕು ಮಾಡಿ ಮುಗಿಸಲಾಗದು.

ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ತಡೆಯಬಹುದಾದ 14 ಕಾರಣಗಳ ಪಟ್ಟಿಯಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಒಂಟಿತನದ ಜೊತೆಗೆ ಕಿವಿ ಮಂದವಾಗುವುದೂ ಅದರಲ್ಲಿದೆ. ಹಾಗೆಂದು ಕಿವಿಗೆ ಮೆಷಿನ್ ಹಾಕಿದರೆ ಮರೆವು ಬರುವುದೇ ಇಲ್ಲ ಎಂದು ಮಾರುವವರು ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ ಸಾವಿರದಷ್ಟು ಜನರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಹೊರಬಂದ ಅಧ್ಯಯನದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಮೊದಲೇ ಹೆಚ್ಚಾಗಿದ್ದವರ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಗ್ಗುವ ವೇಗ ಶೇ 48ರಷ್ಟು ತಗ್ಗಿತ್ತು. ಇಷ್ಟೇ ಸತ್ಯ. ನನ್ನ ಮಟ್ಟಿಗೆ ಈ ಶೇಕಡಾ ಲೆಕ್ಕಕ್ಕಿಂತ ಆ ನಾಯಿಮರಿಯೇ ದೊಡ್ಡ ಕಾರಣ.

ಮೆಷಿನ್ ಹಾಕಿಕೊಂಡ ಮೊದಲ ದಿನ ನರಕ. ಪೇಪರ್ ಮಡಚಿದರೆ ತಗಡು ಮಡಚಿದಂತೆ, ಪ್ಲಾಸ್ಟಿಕ್ ಕವರ್ ಮುಟ್ಟಿದರೆ ಬೆಂಕಿ ಚಟಪಟ ಅಂದಂತೆ. ನನ್ನ ಹವಾಯಿ ಚಪ್ಪಲಿ ಇಷ್ಟೊಂದು ಸದ್ದು ಮಾಡುತ್ತದೆಂದು ಗೊತ್ತೇ ಇರಲಿಲ್ಲ. ನನ್ನ ಮಾತು ನನಗೇ ಮಡಕೆಯೊಳಗಿಂದ ಬಂದ ಹಾಗೆ. ಸಂಜೆಗೆ ಕಿತ್ತು ಬೀರುವಿನಲ್ಲಿಟ್ಟೆ. ಬಹಳ ಮಂದಿಯ ಮೆಷಿನ್ ಅಲ್ಲೇ ಉಳಿದುಬಿಡುತ್ತದೆ. ನಾನು ಉಳಿಸದೆ ಹೋದದ್ದು ಆ ಹುಡುಗಿ ಮೊದಲೇ ಎಚ್ಚರಿಸಿದ್ದರಿಂದ: ‘ಸರ್, ಕನ್ನಡಕ ಹಾಕಿದ ಕ್ಷಣ ಕಾಣುತ್ತೆ. ಇದು ಹಾಗಲ್ಲ. ಇಷ್ಟು ವರ್ಷ ಕೇಳದ ಸದ್ದನ್ನು ಮಿದುಳು ಮತ್ತೆ ಕಲಿಯಬೇಕು. ಮೊದಲ ವಾರ ಮನೆಯಲ್ಲಿ ಎರಡೆರಡು ಗಂಟೆ ಹಾಕಿ, ಆಮೇಲೆ ಹೆಚ್ಚಿಸಿ, ಮತ್ತೆ ಬನ್ನಿ, ಸರಿಹೊಂದಿಸಿಕೊಡುತ್ತೇನೆ.’ ಮೂರು ಸಲ ಹೋದೆ. ನಮ್ಮಾಕೆ ರಾತ್ರಿ ಊಟವಾದ ಮೇಲೆ ಎದುರಿಗೆ ಕೂತು ಪೇಪರಿನ ಸುದ್ದಿ ಓದುವುದು, ನಾನು ಅವಳ ಬಾಯಿ ನೋಡದೆ ತಿರುಗಿ ಹೇಳುವುದು. ತಪ್ಪಿದರೆ ಅವಳು ಬೆರಳಿನಲ್ಲಿ ಗಾಳಿಯಲ್ಲೇ ಗೆರೆ ಎಳೆಯುತ್ತಿದ್ದಳು. 31 ವರ್ಷದ ಸೇಡು. ಕ್ರಮೇಣ ‘ಸ’ ಬಂತು, ಆಮೇಲೆ ‘ಚ’. ಸುಮಾರು ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಹಿತ್ತಿಲಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು. ಇದು ಹೊಸದಾಗಿ ಬಂದಿದೆಯಲ್ಲ ಎಂದೆ. ‘ಅದು ಯಾವಾಗಲೂ ಇದೆ’ ಅಂದಳು.

ಈಗ ನಿತ್ಯದ ಕೆಲಸ ಒಂದಷ್ಟು ಹೆಚ್ಚಾಗಿದೆ. 13ನೇ ನಂಬರಿನ ಗುಂಡಿಯಷ್ಟಗಲದ ಬ್ಯಾಟರಿ, ಅದರ ಕಿತ್ತಳೆ ಬಣ್ಣದ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗಿಟ್ಟು ಹಾಕಬೇಕು. ಮಳೆಗಾಲದಲ್ಲಿ ತೇವ ಕುಡಿಯದಂತೆ ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡಬೇಕು. ಸಂಗೀತ ಇದರಲ್ಲಿ ಚೆನ್ನಾಗಿ ಕೇಳಿಸುವುದಿಲ್ಲ, ಮಾತಿಗೆ ಮಾಡಿದ ಯಂತ್ರ. ಗಮಕಕ್ಕೆ ಬೇರೆಯೇ ಒಂದು ಸೆಟ್ಟಿಂಗ್ ಹಾಕಿಸಿಕೊಂಡಿದ್ದೇನೆ. ಹೌದು, ಶನಿವಾರ ಮತ್ತೆ ಹೋಗುತ್ತಿದ್ದೇನೆ, ವಾಚಕರ ಬಲಕ್ಕೆ, ಅವರ ಮುಖ ಕಾಣುವ ಹಾಗೆ ಕೂರುತ್ತೇನೆ. ವ್ಯಾಖ್ಯಾನ ಶುರುಮಾಡುವ ಮೊದಲು ‘ನನಗೆ ಕಿವಿ ಮಂದ, ಪದ್ಯ ತಪ್ಪಿದರೆ ತಿಳಿಸಿ’ ಎಂದು ಮೈಕಿನಲ್ಲೇ ಹೇಳುತ್ತೇನೆ. ಇಷ್ಟು ಹೇಳಲು 71 ವರ್ಷ ಬೇಕಾಯಿತು. ಮೊದಲ ದಿನ ನಾಲಿಗೆ ಸುಲಭಕ್ಕೆ ಏಳಲಿಲ್ಲ. ಸಭೆ ಮುಗಿದ ಮೇಲೆ ಇಬ್ಬರು ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ, ‘ಮೇಷ್ಟ್ರೇ, ಎಲ್ಲಿ ತೋರಿಸಿದಿರಿ’ ಎಂದು ಕೇಳಿದರು.

ಅವರಲ್ಲೊಬ್ಬರ ಕಥೆ ಬೇರೆ. ಪರೀಕ್ಷೆಯನ್ನೇ ಮಾಡಿಸದೆ ಒಂದು ಅಂಗಡಿಯಲ್ಲಿ ನಲವತ್ತು ಸಾವಿರ ಕೊಟ್ಟು ಮೆಷಿನ್ ತಂದು, ಕಿರ್ರೆನ್ನುತ್ತದೆಂದು ಮೂಲೆಗೆಸೆದಿದ್ದರು. ಇನ್ನು ಕೆಲವರು ಫೋನಿನಲ್ಲಿ ಆರ್ಡರ್ ಮಾಡಿ ತರಿಸುವ ಸಾವಿರ ರೂಪಾಯಿಯ ಡಬ್ಬಿ ಎಲ್ಲ ಸದ್ದನ್ನೂ ಒಟ್ಟಿಗೆ ಹಿಗ್ಗಿಸುತ್ತದೆ ಅಷ್ಟೆ. ಮೊದಲು ಕಿವಿಯ ಡಾಕ್ಟರು, ಆಮೇಲೆ ಪರೀಕ್ಷೆ, ಆಮೇಲೆ ಮೆಷಿನ್. ಈ ಕ್ರಮ ತಪ್ಪಿಸಬೇಡಿ. ಗುಗ್ಗೆ ಕಟ್ಟಿದ್ದರೆ ತೆಗೆಸಿದರೇ ಮುಗಿಯಬಹುದು. ಬಡವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ಕನ್ನಡಕದ ಜೊತೆ ಶ್ರವಣ ಸಾಧನವೂ ಇದೆ. ಆದರೆ ಶಿಬಿರದಲ್ಲಿ ಕೈಗಿಟ್ಟು ಕಳಿಸಿದರೆ ಅದೂ ಬೀರು ಸೇರುತ್ತದೆ. ಎರಡು ಮೂರು ಸಲ ಕರೆದು ಸರಿಹೊಂದಿಸುವವರು ತಾಲ್ಲೂಕು ಆಸ್ಪತ್ರೆಯಲ್ಲೇ ಇರಬೇಕು. ಕಣ್ಣಿನ ಶಿಬಿರ ಮಾಡುವ ಸಂಘ ಸಂಸ್ಥೆಗಳು ಅದೇ ಶಾಮಿಯಾನದ ಕೆಳಗೆ ಕಿವಿಗೂ ಒಂದು ಮೇಜು ಹಾಕಲಿ.

‘ಇನ್ನೆಷ್ಟು ದಿನ ಇರ್ತೀವಿ, ಇದಕ್ಕೆಲ್ಲ ಯಾಕೆ ದುಡ್ಡು’ ಎನ್ನುವ ನನ್ನ ಓರಗೆಯವರಿಗೆ ಒಂದು ಮಾತು. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣ ಶುರುಮಾಡಿದ್ದು 1991ರಲ್ಲಿ, 78ರ ಆಸುಪಾಸಿನಲ್ಲಿ. ತೀರಿಕೊಂಡದ್ದು 2021ರಲ್ಲಿ, 107 ತುಂಬಿದ ಮೇಲೆ. ಎಷ್ಟು ದಿನ ಇರುತ್ತೇವೆ ಅನ್ನುವ ಲೆಕ್ಕ ನಮಗ್ಯಾಕೆ?

ಮಕ್ಕಳಿಗೂ ಒಂದು ಮಾತು. ಅಡುಗೆಮನೆಯಿಂದ ಕೂಗಬೇಡಿ, ಹತ್ತಿರ ಬಂದು, ಹೆಸರೋ ಸಂಬಂಧವೋ ಹಿಡಿದು ಕರೆದು, ಮುಖ ನೋಡಿ, ಮಾಮೂಲಿ ದನಿಯಲ್ಲೇ ನಿಧಾನವಾಗಿ ಹೇಳಿ. ಕಿರುಚಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಅಲ್ಲ. ಮುಂದಿನ ರಜಕ್ಕೆ ಊರಿಗೆ ಬಂದಾಗ ಅಪ್ಪ ಅಮ್ಮನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿ. ಒಂದು ಬೆಳಗ್ಗೆಯ ಕೆಲಸ.