ಕಡಲಾಚೆಯ ಕರೆ

ದೋಸೆ ಹುಯ್ಯುವವನೊಬ್ಬ ಬೇಕಾದರೆ ನಮ್ಮೂರಿನ ಹೋಟೆಲು ಮಾಲಿಕರು ಮಾಡುವ ಪರೀಕ್ಷೆ ಬಹಳ ಸರಳವಾದುದು. ಬಂದವನನ್ನು ಕಾದ ಕಾವಲಿಯ ಮುಂದೆ ನಿಲ್ಲಿಸಿ, ಹಿಟ್ಟಿನ ಪಾತ್ರೆಯನ್ನು ಅವನ ಕೈಗೆ ಕೊಡುತ್ತಾರೆ. ಹತ್ತು ದೋಸೆ ಏಳುವುದರೊಳಗೆ ಆತನ ಯೋಗ್ಯತೆ ತಿಳಿದುಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಕಾಗದವನ್ನು ಹಿಡಿದುಕೊಂಡು ಮನೆಗೆ ಬಂದ. ಮಂಗಳೂರಿನ ಹೋಟೆಲೊಂದರ ಅಡಿಗೆಮನೆಯಲ್ಲಿ ಎಂಟು ವರ್ಷ ದುಡಿದವನು ಅವನು. "ಮಾಷ್ಟ್ರೇ, ಇದನ್ನೊಮ್ಮೆ ಓದಿ ಹೇಳಿ" ಎಂದ. ಲಂಡನ್ನಿನ ಪ್ರಸಿದ್ಧ ಹೋಟೆಲೊಂದರ ಹೆಸರು, ಮೇಲೆ ಬಂಗಾರದ ಬಣ್ಣದ ಲಾಂಛನ, ಕೆಳಗೆ ಅಧಿಕಾರಿಯ ಸಹಿ ಮತ್ತು ಮುದ್ರೆ. ಇಲ್ಲಿನ ಸಂಬಳದ ಹನ್ನೆರಡರಷ್ಟು ಸಂಬಳ; ಊಟ, ವಸತಿ, ವಿಮಾನದ ಟಿಕೇಟು ಎಲ್ಲವೂ ಉಚಿತ. ವೀಸಾದ ಖರ್ಚಿಗೆಂದು ಎಂಬತ್ತು ಸಾವಿರ ರೂಪಾಯಿಗಳನ್ನು ಮಾತ್ರ ವಕೀಲರೆಂಬ ಒಬ್ಬರ ಖಾತೆಗೆ ಕಟ್ಟಬೇಕು. ಕೆಲಸಕ್ಕೆ ಸೇರಿದೊಡನೆ ಅದನ್ನೂ ಹಿಂದಿರುಗಿಸಲಾಗುವುದು. ನಾನು ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದೆ; ಸಂತೋಷಪಟ್ಟೆ; ಆಶೀರ್ವಾದ ಮಾಡಿ ಕಳುಹಿಸಿದೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳಲ್ಲಿ ತಪ್ಪು ಹುಡುಕಿದ ನನ್ನ ಕಣ್ಣಿಗೆ ಆ ಕಾಗದದ ದೊಡ್ಡ ಕೊರತೆ ಕಾಣಿಸಲಿಲ್ಲ. ಅಡಿಗೆಯವನನ್ನು ಕರೆಯುತ್ತಿದ್ದವರು, ನಿನಗೆ ಯಾವ ಅಡಿಗೆ ಬರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ!

ತಾಯಿಯ ಕತ್ತಿನ ಸರ ಅಡವಿಗೆ ಹೋಯಿತು. ವಿಮೆಗೆಂದು, ವೈದ್ಯಕೀಯ ತಪಾಸಣೆಗೆಂದು ಮತ್ತೆರಡು ಸಲ ಹಣ ಕೇಳಿದರು, ಅದೂ ಹೋಯಿತು. ಅನಂತರ ಆ ಫೋನಿಗೆ ಯಾರೂ ಉತ್ತರಿಸಲಿಲ್ಲ.

"ದುರಾಸೆಗೆ ತಕ್ಕ ಶಾಸ್ತಿ" ಎಂದು ಊರಿನವರು ಆಡಿಕೊಂಡರು. ಈ ಮಾತನ್ನು ನಾನು ಒಪ್ಪಲಾರೆ. ಹೆಚ್ಚಿನ ಸಂಬಳವನ್ನು ಬಯಸುವುದು ದುರಾಸೆಯಾದರೆ, ನಮ್ಮ ಕರಾವಳಿಯ ಎಷ್ಟು ಮನೆಗಳ ಹೆಂಚು ಆ ದುರಾಸೆಯಿಂದ ಬಂದುದಲ್ಲ? ಉಡುಪಿ, ಕುಂದಾಪುರದ ಕಡೆಯ ಹುಡುಗರು ಮದರಾಸು, ಮುಂಬಯಿಗಳಿಗೆ ಹೋಗಿ ಲೋಟ ತೊಳೆದರು. ರಾತ್ರಿ ಹೋಟೆಲಿನ ಬೆಂಚಿನ ಮೇಲೆಯೇ ಮಲಗಿದರು. ಕೆಲವರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದ ಕೃಷ್ಣರಾಯರೂ, 1942ರಲ್ಲಿ ಮಾಟುಂಗದಲ್ಲಿ ಊಟದ ಮನೆ ತೆರೆದ ರಾಮ ನಾಯಕರೂ ಊರು ಬಿಟ್ಟು ಹೋದವರೇ. ಆ ಕಾಲವೇನೂ ಸುಖದ ಕಾಲವಾಗಿರಲಿಲ್ಲ. ಆದರೆ ಒಂದು ಆಧಾರವಿತ್ತು. ಹುಡುಗನನ್ನು ಕರೆದೊಯ್ಯುವವನು ನೆಂಟನೋ ನೆರೆಯವನೋ ಆಗಿರುತ್ತಿದ್ದ. ಅಲ್ಲಿ ಸಂಬಳ ಕೊಡದಿದ್ದರೆ, ಇಲ್ಲಿ ರಥೋತ್ಸವದ ದಿನ ಅವನ ತಾಯಿಯನ್ನು ನಿಲ್ಲಿಸಿ ಕೇಳಬಹುದಾಗಿತ್ತು. ಇಂದು ಕರೆಯುವವನಿಗೆ ಊರೂ ಇಲ್ಲ, ಮುಖವೂ ಇಲ್ಲ.

ನೆಂಟನಿದ್ದ ಜಾಗದಲ್ಲಿ ಈಗ ಕಾನೂನು ನಿಲ್ಲಬೇಕಾಗಿದೆ. ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವ ಏಜೆಂಟನು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಲೇಬೇಕೆಂದು 1983ರ ವಲಸೆ ಕಾಯಿದೆ ವಿಧಿಸಿತು. ನೋಂದಾಯಿತ ಏಜೆಂಟರ ಪಟ್ಟಿಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರೂ ನೋಡಬಹುದು. ಏಜೆಂಟನ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂಬ ಮಿತಿಯನ್ನು ಇಟ್ಟಿದ್ದಾರೆ. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾನೂನಿನಂತೆ, ನೇಮಕದ ಖರ್ಚನ್ನು ಮಾಲಿಕನು ಕೆಲಸಗಾರನಿಂದ ವಸೂಲು ಮಾಡಕೂಡದು. ಬ್ರಿಟನ್ನಿನಲ್ಲಿ ಪರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಸಂಸ್ಥೆಗೆ ಅಲ್ಲಿನ ಸರ್ಕಾರದ ಪರವಾನಗಿ ಬೇಕು. ಆ ಪಟ್ಟಿಯೂ ಬಹಿರಂಗವಾಗಿದೆ. ಆದರೆ ನನ್ನ ವಿದ್ಯಾರ್ಥಿಗೆ ಬಂದ ಕಾಗದದಲ್ಲಿದ್ದ ಹೋಟೆಲು ನಿಜವಾದುದೇ! ಕಳ್ಳರು ನಿಜವಾದ ಹೆಸರನ್ನೇ ಕದಿಯುತ್ತಾರೆ. ಆದುದರಿಂದ ಕಾಗದದಲ್ಲಿರುವ ವಿಳಾಸವನ್ನು ನಂಬದೆ, ಆ ಹೋಟೆಲಿನ ಸ್ವಂತ ವಿಳಾಸವನ್ನು ನಾವೇ ಹುಡುಕಿ ಅಲ್ಲಿಗೆ ಬರೆದು ಕೇಳಬೇಕಾಗುತ್ತದೆ.

ಒಂಬತ್ತನೆಯ ತರಗತಿಯಲ್ಲಿರುವ ನಿಮಗೆ ಇನ್ನೊಂದು ಸಂಗತಿ ತಿಳಿದಿರಲಿ. ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿಯ ದೇಶಗಳೇ ಮೊದಲಾದ ಕೆಲವು ದೇಶಗಳಿಗೆ ದುಡಿಯಲು ಹೋಗುವಾಗ, ಸಾಮಾನ್ಯವಾಗಿ ವಲಸಿಗರ ಸಂರಕ್ಷಕರೆಂಬ ಅಧಿಕಾರಿಗಳ ಅನುಮತಿ ಪಡೆಯಬೇಕು. ಕರಾರುಪತ್ರ ಸರಿಯಾಗಿದೆಯೇ ಎಂದು ಅವರು ನೋಡುತ್ತಾರೆ. ಈ ಕಣ್ಣನ್ನು ತಪ್ಪಿಸಲೆಂದೇ ಮೋಸದ ಏಜೆಂಟರು ಹುಡುಗರನ್ನು ಪ್ರವಾಸಿಗರ ವೀಸಾದಲ್ಲಿ ಕಳುಹಿಸುತ್ತಾರೆ. ಅಲ್ಲಿ ಇಳಿದ ಮೇಲೆ ಸಂಬಳ ಕೇಳಿದರೆ, ಅನುಮತಿಯಿಲ್ಲದೆ ದುಡಿದ ಅಪರಾಧ ಹುಡುಗನ ತಲೆಗೇ ಬರುತ್ತದೆ. ಹಣ ಕಳೆದುಕೊಂಡು ಊರಿನಲ್ಲೇ ಉಳಿದವನು ಒಂದು ದೃಷ್ಟಿಯಿಂದ ಬದುಕಿದ. 2022ರಲ್ಲಿ ಥಾಯ್ಲೆಂಡಿನ ಕೆಲಸವೆಂದು ನಂಬಿ ಹೋದ ಭಾರತೀಯ ತರುಣರನ್ನು ಮ್ಯಾನ್ಮಾರಿಗೆ ಒಯ್ದು ಸೆರೆಯಾಳುಗಳಂತೆ ಇಟ್ಟುಕೊಂಡಿದ್ದರು. ಅವರನ್ನು ಬಿಡಿಸಲು ನಮ್ಮ ರಾಯಭಾರ ಕಚೇರಿಗಳು ಶ್ರಮಿಸಬೇಕಾಯಿತು.

ನನ್ನ ವಿದ್ಯಾರ್ಥಿ ತನ್ನ ಕಷ್ಟವನ್ನು ಎರಡು ತಿಂಗಳು ಯಾರಿಗೂ ಹೇಳಲಿಲ್ಲ. "ವೀಸಾ ತಡವಾಗುತ್ತಿದೆ" ಎನ್ನುತ್ತಿದ್ದ. ಊರಿನವರ ನಗೆಗೆ ಅಷ್ಟು ಹೆದರಿದ್ದ. ಸೈಬರ್ ವಂಚನೆಗೆ ಒಳಗಾದವರು 1930 ಎಂಬ ಸಂಖ್ಯೆಗೆ ಕೂಡಲೇ ತಿಳಿಸಿದರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ಬ್ಯಾಂಕಿನವರು ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ಗಂಟೆಗಳ ಲೆಕ್ಕವಿರುವ ಆ ಕೆಲಸಕ್ಕೆ ಎರಡು ತಿಂಗಳ ಮೌನ ಅಡ್ಡ ಬಂತು. ಮೋಸಗಾರನು ಹಣವನ್ನು ಒಯ್ದ. ಅದು ಹಿಂದಿರುಗುವ ದಾರಿಯನ್ನು ಮುಚ್ಚಿದವರು, ಆಡಿಕೊಂಡು ನಕ್ಕ ನಾವು. ಕಾಗದವನ್ನು ಓದಿ ಹರಸಿದ ನನ್ನ ಪಾಲೂ ಅದರಲ್ಲಿದೆ.

ಕೊನೆಗೆ ಪೊಲೀಸರಿಗೆ ದೂರನ್ನು ನಾನೇ ಬರೆದುಕೊಟ್ಟೆ. ಹಣ ಇನ್ನೂ ಬಂದಿಲ್ಲ. ಅವನು ಅದೇ ಅಡಿಗೆಮನೆಯಲ್ಲಿ ದುಡಿಯುತ್ತ ತಾಯಿಯ ಸರವನ್ನು ಬಿಡಿಸಿಕೊಂಡ. ತನಗಾದುದನ್ನು ಈಗ ಮುಚ್ಚಿಡುವುದಿಲ್ಲ. ಜೊತೆಯ ಕೆಲಸದವರು ಇಂತಹ ಕಾಗದಗಳನ್ನು ಅವನ ಬಳಿಗೆ ತರುತ್ತಾರೆ. ಅವನು ಮೊದಲು ಕಾಗದವನ್ನು ಓದುವುದಿಲ್ಲವಂತೆ. "ನಿನಗೇನು ಮಾಡಲು ಬರುತ್ತದೆಂದು ಅವರು ಕೇಳಿದರಾ?" ಎಂದು ವಿಚಾರಿಸುತ್ತಾನಂತೆ.