432 ಹರ್ಟ್ಸ್‌ನಲ್ಲಿ ಹಾಡಿದರೆ ಮಾತ್ರ ಹೃದಯ ಮುಟ್ಟುತ್ತದೆಯೇ? ಹಾಡು ಮನಸ್ಸಿಗೆ ನಾಟುವ ಹಿಂದಿನ ವಿಜ್ಞಾನ

432 ಹರ್ಟ್ಸ್ ಪ್ರಕೃತಿಯ ಕಂಪನ, ಅದೇ ಹೃದಯದ ಕಂಪನವೂ ಹೌದು. 440 ಹರ್ಟ್ಸ್ ಜನರ ಮನಸ್ಸು ಕೆಡಿಸಲು ನಾಜಿಗಳು ಹೇರಿದ್ದು. 432ರ ಸಂಗೀತವಷ್ಟೇ ಎದೆಗಿಳಿಯುತ್ತದೆ, ಬಿಪಿಯನ್ನೂ ಇಳಿಸುತ್ತದೆ. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಸತ್ಯ ಎಷ್ಟು? ಒಂದೊಂದಾಗಿ ನೋಡೋಣ.

ಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ನಿಮಿಷಕ್ಕೆ 72 ಸಲ ಬಡಿಯುವ ಹೃದಯದ ಲೆಕ್ಕ 1.2 ಹರ್ಟ್ಸ್. 432ಕ್ಕೂ ಅದಕ್ಕೂ ಸಂಬಂಧವಿಲ್ಲ. ಸೆಕೆಂಡು ಎಂಬುದೇ ಮನುಷ್ಯ ಮಾಡಿಕೊಂಡ ಅಳತೆ. ಹಾಗಾಗಿ ಈ ಸಂಖ್ಯೆಯಲ್ಲಿ ಪ್ರಕೃತಿಯ ಗುಟ್ಟು ಅಡಗಿದೆ ಎನ್ನಲು ಆಧಾರವಿಲ್ಲ.

ನಾಜಿಗಳ ಕಥೆ? ಪಾಶ್ಚಾತ್ಯ ವಾದ್ಯಗಳೆಲ್ಲ ಒಟ್ಟಿಗೆ ನುಡಿಯಬೇಕಾದರೆ ಒಂದೇ ಶ್ರುತಿ ಬೇಕು. ಅದಕ್ಕಾಗಿ ಫ್ರಾನ್ಸ್ 1859ರಲ್ಲೇ 435 ಹರ್ಟ್ಸ್ ನಿಗದಿ ಮಾಡಿತ್ತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಹಲವು ದೇಶಗಳ ಸಭೆ 440 ಅನ್ನು ಒಪ್ಪಿತು. ಅದು ವಾದ್ಯಗಳ ಅನುಕೂಲಕ್ಕೆ ಆದ ಒಪ್ಪಂದ, ಪಿತೂರಿಯಲ್ಲ. ಎರಡರ ನಡುವಿನ ವ್ಯತ್ಯಾಸವಾದರೂ ಎಷ್ಟು? ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಸ್ವರಗಳ ಅಂತರದ ಸುಮಾರು ಮೂರನೇ ಒಂದು ಪಾಲು.

ನಮ್ಮ ಸಂಗೀತಕ್ಕಂತೂ ಈ ವಾದವೇ ಹೊಂದುವುದಿಲ್ಲ. ಕರ್ನಾಟಕ ಸಂಗೀತವಿರಲಿ, ಹಿಂದೂಸ್ತಾನಿಯಿರಲಿ, ಗಾಯಕರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿ ಆರಿಸಿಕೊಂಡು ತಂಬೂರಿ ಕೂಡಿಸುತ್ತಾರೆ. ಒಬ್ಬರ ಷಡ್ಜ ಇನ್ನೊಬ್ಬರದ್ದಲ್ಲ. ಆದರೂ ಇಬ್ಬರ ಹಾಡಿಗೂ ನಾವು ತಲೆದೂಗುತ್ತೇವೆ.

ಹಾಗಾದರೆ ಹಾಡು ನಾಟುವುದು ಹೇಗೆ?

ಮೊದಲನೆಯದು ನಿರೀಕ್ಷೆ. ಮುಂದೆ ಯಾವ ಸ್ವರ ಬರುತ್ತದೆ ಎಂದು ಮಿದುಳು ಸದಾ ಊಹಿಸುತ್ತಿರುತ್ತದೆ. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಷ್ಟದ ಸಂಗೀತ ಕೇಳಿ ಮೈ ಜುಮ್ಮೆನ್ನುವಾಗ ಮಾತ್ರವಲ್ಲ, ಆ ಘಳಿಗೆಗಾಗಿ ಕಾಯುವಾಗಲೂ ಮಿದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗುತ್ತದೆ. ಆಲಾಪನೆಯಲ್ಲಿ ಗಾಯಕರು ತಾರಷಡ್ಜದ ಹತ್ತಿರ ಸುಳಿದಾಡಿ, ಕಾಯಿಸಿ, ಕೊನೆಗೆ ಅಲ್ಲಿ ನಿಂತಾಗ ಸಭೆ 'ಆಹಾ' ಎನ್ನುವುದು ಇದಕ್ಕೇ ಇರಬಹುದು.

ಎರಡನೆಯದು ಪರಿಚಯ. ಮತ್ತೆ ಮತ್ತೆ ಎದುರಾದದ್ದು ಹಿಡಿಸತೊಡಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲಿ ತೋರಿಸಿದ್ದರು. ಪಲ್ಲವಿ ಮರಳಿ ಬರುವುದು, ಸೋಬಾನೆ ಪದದಲ್ಲಿ ಒಬ್ಬರು ಹೇಳಿದ್ದಕ್ಕೆ ಉಳಿದವರು ದನಿಗೂಡಿಸುವುದು ಇದೇ ಕೆಲಸ ಮಾಡುತ್ತವೆ. ಬರೀ ಪುನರಾವರ್ತನೆ ಬೇಸರ ತರುತ್ತದೆ. ಅದಕ್ಕೇ ಕೃತಿಯ ಒಂದೇ ಸಾಲನ್ನು ಸಂಗತಿಯಿಂದ ಸಂಗತಿಗೆ ತುಸು ಬದಲಿಸಿ ಹಾಡುತ್ತಾರೆ.

ಮೂರನೆಯದು ಸುತ್ತಲಿನ ಜನ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 14,000ಕ್ಕೂ ಹೆಚ್ಚು ಜನರ ಮುಂದೆ 48 ಅಪರಿಚಿತ ಹಾಡುಗಳನ್ನು ಇಡಲಾಯಿತು. ಬೇರೆಯವರು ಯಾವುದನ್ನು ಎಷ್ಟು ಡೌನ್‌ಲೋಡ್ ಮಾಡಿದ್ದಾರೆಂದು ಗೊತ್ತಾದ ಗುಂಪುಗಳಲ್ಲಿ ಗೆದ್ದ ಹಾಡು ಇನ್ನಷ್ಟು ಗೆದ್ದಿತು. ಒಂದು ಗುಂಪಿನಲ್ಲಿ ಮೇಲಿದ್ದ ಹಾಡು ಇನ್ನೊಂದರಲ್ಲಿ ಹಿಂದೆ ಬಿತ್ತು. ತೀರಾ ಕಳಪೆ ಹಾಡು ಗೆಲ್ಲುವುದು ಅಪರೂಪ. ಆದರೆ ಚೆನ್ನಾಗಿರುವ ಹಾಡುಗಳಲ್ಲಿ ಯಾವುದು ಗೆಲ್ಲುತ್ತದೆ ಎಂದು ಮೊದಲೇ ಹೇಳುವುದು ಕಷ್ಟ.

ಆದ್ದರಿಂದ ಹೊಸದಾಗಿ ಹಾಡು ಕಟ್ಟುವವರು 432ಕ್ಕೆ ಬದಲಿಸಿಕೊಡುವ ಆ್ಯಪ್‌ಗೆ ದುಡ್ಡು ಸುರಿಯಬೇಕಿಲ್ಲ. ಕಂಠಕ್ಕೆ ಒಗ್ಗುವ ಶ್ರುತಿ, ಸ್ಪಷ್ಟ ಸಾಹಿತ್ಯ, ನೆನಪಿನಲ್ಲಿ ಉಳಿಯುವ ಪಲ್ಲವಿ, ನಡುವೆ ಒಂದು ಚಿಕ್ಕ ಅಚ್ಚರಿ: ಶ್ರಮ ಅಲ್ಲಿ ಹಾಕಿದರೆ ಸಾಕು.

ಇನ್ನು ಬಿಪಿಯ ವಿಷಯ. ಹಿತವಾದ ಸಂಗೀತ ಮನಸ್ಸನ್ನು ಹಗುರ ಮಾಡಬಲ್ಲದು. 432 ಹರ್ಟ್ಸ್ ಬಗ್ಗೆ ಕೆಲವೇ ಜನರ ಮೇಲೆ ನಡೆದ ಸಣ್ಣ ಪ್ರಯೋಗಗಳಿವೆ. ಅವುಗಳನ್ನು ನಂಬಿ ಚಿಕಿತ್ಸೆ ಬದಲಿಸುವಂತಿಲ್ಲ. ಹಾಡು ಹಿಡಿಸಿದರೆ ಧಾರಾಳವಾಗಿ ಹಂಚಿಕೊಳ್ಳಿ. ಜೊತೆಗೆ 'ಮಾತ್ರೆ ಬಿಡಿ, ಇದನ್ನು ಕೇಳಿ' ಎಂಬ ಸಾಲಿದ್ದರೆ ಆ ಸಾಲನ್ನು ಅಳಿಸಿ ಕಳಿಸಿ. ಅದನ್ನು ನಂಬಿ ಮಾತ್ರೆ ನಿಲ್ಲಿಸುವವರು ನಿಮ್ಮ ಮನೆಯ ಹಿರಿಯರೇ ಆಗಿರಬಹುದು.